ಬಾವಿಕಟ್ಟೆಯಲ್ಲಿ ಕಲಿತ ಕ್ಯಾಂಟನೀಸ್

ನೀರು ಸೇದುವಾಗ ನನ್ನ ಗಂಟಲಿನಿಂದ ಒಂದು ಬಗೆಯ ಸದ್ದು ಹೊರಡುತ್ತದಂತೆ. ನನಗೆ ಅದು ಗೊತ್ತಾಗುವುದಿಲ್ಲ. ಕೊಡಪಾನ ಕೆಳಗಿಳಿಯುವಾಗ ಸದ್ದೂ ಇಳಿಯುತ್ತದೆ, ಹಗ್ಗ ಎಳೆದಂತೆ ಅದೂ ಏರುತ್ತದೆ, ನಡುವೆ ಒಮ್ಮೊಮ್ಮೆ ಗಕ್ಕನೆ ನಿಲ್ಲುತ್ತದೆ. ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ ಮೊನ್ನೆ ಬೇಲಿಯಾಚೆಯಿಂದ ಕೇಳಿಯೇಬಿಟ್ಟಳು: "ಅಕ್ಕಯ್ಯಾ, ಗಂಟಲು ಕಟ್ಟಿದ್ದಾ? ಕಷಾಯ ಮಾಡಿ ಕೊಡ್ಲಾ?"

"ಗಂಟಲು ಸರಿ ಇದ್ದು ಕೂಸೆ. ಅದು ಚೀನೀ ಭಾಷೆ" ಎಂದೆ.

ಅವಳು ಬೇಲಿ ಬಿಟ್ಟು ಒಳಗೆ ನಡೆದಳು. ಸಂಜೆ ಅವಳ ಗಂಡ ಬಂದು, ನಮ್ಮನೆಯವರ ಹತ್ತಿರ ತಗ್ಗಿದ ದನಿಯಲ್ಲಿ "ಅಕ್ಕಯ್ಯ ಆರಾಮಿದ್ದಾ?" ಎಂದು ವಿಚಾರಿಸಿಕೊಂಡು ಹೋದ. ಊರಲ್ಲಿ ಮಾತು ಹರಡುವ ಮೊದಲು ನಾನೇ ಬರೆದಿಟ್ಟರೆ ಒಳ್ಳೆಯದು ಎನಿಸಿತು.

ತಿಂಗಳೊಳಗೆ ಭಾಷೆ ಕಲಿಸುತ್ತೇವೆ ಎನ್ನುವ ಸಣ್ಣ ಪುಸ್ತಕಗಳನ್ನು ಬಸ್ ಸ್ಟ್ಯಾಂಡಿನಲ್ಲಿ ಮಾರುತ್ತಾರಲ್ಲ, ನೀವೂ ನೋಡಿರುತ್ತೀರಿ. ಕುಮಟೆಗೆ ತವರಿಗೆ ಹೋಗುವಾಗ ಬಸ್ಸು ತಡವಾದರೆ ನಾನು ಅವನ್ನು ತಿರುವಿ ಹಾಕುತ್ತೇನೆ. ಒಂದರಲ್ಲಿ ಮೊದಲ ಪಾಠವೇ "ಇದು ನನ್ನ ಸೋದರಮಾವನ ಕುದುರೆ" ಎಂದಿತ್ತು. ನನ್ನ ಸೋದರಮಾವನ ಹತ್ತಿರ ಒಂದು ಸೈಕಲ್ ಇತ್ತು, ಅದರ ಚೈನು ಸದಾ ಬಿದ್ದಿರುತ್ತಿತ್ತು. ಕುದುರೆಯ ವಿಷಯ ಹೇಳಬೇಕಾದ ಸಂದರ್ಭ ನನಗೆ ಈ ವಯಸ್ಸಿನವರೆಗೆ ಬಂದಿಲ್ಲ.

ನಾನು ಕೊಂಕಣಿ ಕಲಿತದ್ದು ಹಾಗಲ್ಲ. ಕುಮಟೆಯಲ್ಲಿ ನಮ್ಮ ಮನೆಯ ಪಕ್ಕ ಶಾಂತಾಮಾಯಿಯ ಮನೆ. ಬೇಸಿಗೆ ರಜೆಯಲ್ಲಿ ಅವರು ಅಂಗಳದ ತುಂಬ ಚಾಪೆ ಹಾಸಿ ಹಪ್ಪಳ ಒಣಗಿಸುತ್ತಿದ್ದರು. ಕಾಗೆ ಕಾಯುವ ಕೆಲಸ ನನ್ನದು. ಕಾಗೆ ಬಂತು ಎನ್ನುವುದನ್ನು ಕೊಂಕಣಿಯಲ್ಲಿ "ಕಾಯ್ಳೋ ಆಯ್ಲೋ!" ಎಂದು ಕೂಗಿದರೆ ಮಾಯಿ ಒಳಗಿನಿಂದ ಓಡಿ ಬಂದು, ಎಣ್ಣೆ ಸವರಿದ ಹಪ್ಪಳದ ಹಿಟ್ಟಿನ ಒಂದು ಸಣ್ಣ ಉಂಡೆ ನನ್ನ ಬಾಯಿಗೆ ಹಾಕುತ್ತಿದ್ದರು. ಕನ್ನಡದಲ್ಲಿ ಕೂಗಿದರೆ ಕಾಗೆಯೇನೋ ಹಾರುತ್ತಿತ್ತು, ಉಂಡೆ ಸಿಗುತ್ತಿರಲಿಲ್ಲ. ಒಂದೇ ರಜೆಯಲ್ಲಿ ಕೊಂಕಣಿ ಬಂತು. ಅದೇ ಮುಂಬೈ ಪ್ರಾಂತದ ಕಾಲದಲ್ಲಿ ಶಾಲೆಯ ಮಾಸ್ತರರು ಬೆತ್ತ ಹಿಡಿದು ಕಲಿಸಿದ ಮರಾಠಿ ನನಗೆ ಇವತ್ತಿಗೂ ಬರುವುದಿಲ್ಲ. ಬಾಯಿಗೆ ಏನಾದರೂ ಬೀಳದೆ ಭಾಷೆ ಒಳಗಿಳಿಯುವುದಿಲ್ಲ ಎಂಬುದು ನನ್ನ ಸಿದ್ಧಾಂತ. ಕ್ಯಾಂಟನೀಸ್ ವಿಷಯದಲ್ಲಿ ಮಾತ್ರ ಬೀಳಬೇಕಾಗಿದ್ದದ್ದು ನನ್ನ ಬಾಯಿಗಲ್ಲ, ಇನ್ನೊಬ್ಬನ ಬಾಯಿಗೆ.

ಮದುವೆಯಾಗಿ ಹೊನ್ನಾವರಕ್ಕೆ ಬಂದು ಕೆಲವು ವರ್ಷ ಆಗಿತ್ತು. ಸಾವಿರದ ಒಂಬೈನೂರ ಅರವತ್ತರ ಆಸುಪಾಸು. ನಮ್ಮನೆಯವರು ಊರಿನ ಒಂದು ಆಸ್ಪತ್ರೆಯಲ್ಲಿ ಕಂಪೌಂಡರ್. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಅತ್ತೆ ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು. ಮಡಿ ಅಂದರೆ ಮಡಿ. ಹಗಲು ಒಂದೇ ಊಟ, ಅದೂ ಮನೆಯ ಹೊಸ್ತಿಲೊಳಗೆ, ಎಲ್ಲರದ್ದೂ ಆದ ಮೇಲೆ.

ಆ ವರ್ಷ ಬಂದರದ ಹೊರಗೆ ಅದಿರು ಒಯ್ಯಲು ಬಂದ ಒಂದು ಹಡಗು ಲಂಗರು ಹಾಕಿತ್ತು. ಅದರ ಖಲಾಸಿಯೊಬ್ಬನಿಗೆ ಹೊಟ್ಟೆನೋವು ಬಂದು, ಲಾಂಚಿನಲ್ಲಿ ಮಲಗಿಸಿ ದಡಕ್ಕೆ ತಂದರು. ಅಪೆಂಡಿಕ್ಸ್ ಎಂದು ಡಾಕ್ಟರು ಅದೇ ದಿನ ಕೊಯ್ದರು. ಹಡಗು ಕಾಯುವುದಿಲ್ಲ, ಹೋಯಿತು. ಇದೇ ಕಂಪನಿಯ ಇನ್ನೊಂದು ಹಡಗು ಬರುವುದಿದೆ, ಅದರಲ್ಲಿ ಹಾಂಗ್‌ಕಾಂಗಿಗೆ ಹೋಗಲಿ ಎಂದು ಏಜೆಂಟರು ಹೇಳಿದರು. ಹುಡುಗನ ಹೆಸರು ಆ ಕ್ವಾಂಗ್. ಇಪ್ಪತ್ತೈದು ದಾಟಿರಲಿಕ್ಕಿಲ್ಲ.

ನಮ್ಮ ಆಸ್ಪತ್ರೆಯಲ್ಲಿ ಅಡಿಗೆಮನೆ ಇರಲಿಲ್ಲ. ರೋಗಿಯ ಊಟ ರೋಗಿಯ ಮನೆಯವರೇ ತರಬೇಕು. ಈ ರೋಗಿಯ ಮನೆಯವರು ಸಮುದ್ರದ ಆಚೆ.

"ಅವಂಗೆ ನಮ್ಮ ಭಾಷೆ ಬತ್ತಿಲ್ಲೆ, ಇಂಗ್ಲಿಷೂ ಬತ್ತಿಲ್ಲೆ" ಎಂದು ಇವರು ಮನೆಯಲ್ಲಿ ಹೇಳಿದರು. "ಡಾಕ್ಟ್ರು ಕೈಸನ್ನೆ ಮಾಡ್ತ, ಅವ ಬರೀ ನಗ್ಯಾಡ್ತ."

"ಭಾಷೆ ಬರ್ದಿದ್ರೆ ಹೊಟ್ಟೆ ಬತ್ತಿಲ್ಯನ?" ಎಂದರು ಅತ್ತೆ. ನನ್ನ ಕಡೆ ತಿರುಗಿ, "ಗಂಜಿ ಮಾಡಿ ತಗಂಡು ಹೋಗು. ಪಾತ್ರೆ ಅಲ್ಲೇ ಬಿಟ್ಟಿಕ್ ಬರಡ. ಅವ ಉಂಬಲ್ಲಿವರೆಗೆ ನಿಂತ್ಕಂಡು, ಮತ್ತೆ ಬೇಕಾ ಕೇಳಿ ಬಡಿಸಿ, ತೊಳ್ಕಂಡೇ ಬಾ."

ಹಾಗೆ ನಾನು ದಿನಾ ಮಧ್ಯಾಹ್ನ ಗಂಜಿಯ ತಪ್ಪಲೆ ಹಿಡಿದು ಹೊರಟೆ. ಮೊದಲ ದಿನ ಅವನು ಎರಡು ಚಮಚ ತೆಗೆದುಕೊಂಡು ಬಟ್ಟಲು ಕೆಳಗಿಟ್ಟ. ಎರಡನೆಯ ದಿನವೂ ಅಷ್ಟೇ. ನಾನು ಬಾಗಿಲ ದಾರಂದಕ್ಕೆ ಒರಗಿ ನಿಂತು "ಉಣ್ಣು, ಉಣ್ಣು" ಎನ್ನುತ್ತಿದ್ದೆ. ಅವನು ಬಟ್ಟಲು ತೋರಿಸಿ ತನ್ನ ಭಾಷೆಯಲ್ಲಿ ಏನೋ ಹೇಳುತ್ತಿದ್ದ. ಗಂಜಿ ಆರಿ ಮೇಲೆ ಕೆನೆ ಕಟ್ಟುತ್ತಿತ್ತು.

"ಹೀಂಗೇ ಆದ್ರೆ ಹೊಲಿಗೆ ಕೂಡೂದಿಲ್ಲ" ಎಂದರು ಡಾಕ್ಟರು. "ಮೈಯಲ್ಲಿ ತ್ರಾಣ ಇಲ್ಲದವನ್ನ ಹಡಗು ಹತ್ತಿಸೂಕೆ ನಾನು ಸಹಿ ಹಾಕೂದಿಲ್ಲ."

ಅವನ ಭಾಷೆ ಬಲ್ಲವರು ಯಾರಾದರೂ ಬೇಕಿತ್ತು. ಸಿಕ್ಕವನು ಜಟ್ಟಪ್ಪ. ಊರು ಭಟ್ಕಳದ ಹತ್ತಿರದ ತೆಂಗಿನಗುಂಡಿ. ಹಡಗುಗಳಲ್ಲಿ ಭಂಡಾರಿಯಾಗಿ, ಎಂದರೆ ಅಡಿಗೆಯವನಾಗಿ, ಲೋಕ ಸುತ್ತಿ ಬಂದು ಈಗ ಹೊಳೆಯಾಚೆ ಕಾಸರಕೋಡಿನಲ್ಲಿ ತಂಗಿಯ ಮನೆಯಲ್ಲಿ ಕೂತು ಸುದ್ದಿ ಹೇಳುತ್ತಿದ್ದ. ಆಗ ಶರಾವತಿಗೆ ಸೇತುವೆ ಇರಲಿಲ್ಲ. ದೋಣಿ ದಾಟಿ ಬಂದ. ನಮ್ಮ ತೆಂಗಿನ ಮರದ ಬುಡದಲ್ಲಿ ಕೂತು, ಎಲೆಯಡಿಕೆ ಹಾಕಿಕೊಂಡು ಶುರುಮಾಡಿದ.

"ಅಮ್ಮಾ, ಹಾಂಗ್‌ಕಾಂಗು ಅಂದ್ರೆ ನಂಗೆ ನಮ್ಮ ತೆಂಗಿನಗುಂಡಿ ಇದ್ದಂಗೆ. ಅಲ್ಲಿ ನಾಯೂ ನನ್ನ ಗುರ್ತ ಹಿಡಿತದೆ."

"ಹಾಂಗಾರೆ ನೀನೇ ಆಸ್ಪತ್ರೆಗೆ ಬಂದು ಮಾತಾಡು ಜಟ್ಟಪ್ಪ."

"ಆಸ್ಪತ್ರೆಯೊಳಗೆ ನಾ ಬರೂದಿಲ್ಲ ಅಮ್ಮ. ಆ ವಾಸ್ನೆಗೆ ನಂಗೆ ತಲೆ ತಿರುಗ್ತದೆ. ನಿಮಗೆ ಕಲಿಸ್ತೆ. ಎಂತ ದೊಡ್ಡ ಮಾತು!"

ಸಮುದ್ರದ ಬಿರುಗಾಳಿಗೆ ಹೆದರದವನು ಫಿನಾಯಿಲಿಗೆ ಹೆದರಿದ. ಅಂತೂ ಪಾಠ ನಡೆದದ್ದು ಬಾವಿಕಟ್ಟೆಯಲ್ಲಿ. ನನಗೆ ಕೆಲಸ ಬಿಟ್ಟು ಕೂರಲು ಪುರುಸೊತ್ತಿರಲಿಲ್ಲ, ನಾನು ನೀರು ಸೇದುತ್ತಿದ್ದೆ, ಅವನು ಮರದ ಬುಡದಿಂದ ಕೂಗುತ್ತಿದ್ದ.

"ಇದು ಬಾಯಿಂದ ಆಡೂ ಭಾಷೆ ಅಲ್ಲ ಅಮ್ಮ. ಗಂಟಲಿಂದ ಎಳೆಯೂದು. ನಿಮ್ಮ ಕೊಡಪಾನ ನೋಡಿ. ನೀರು ಮುಟ್ಟಿದಾಗ ಒಂದು ಸ್ವರ, ಅರ್ಧಕ್ಕೆ ಬಂದಾಗ ಒಂದು, ಕಟ್ಟೆ ಮೇಲೆ ಬಂದಾಗ ಒಂದು. ಕೆಲವು ಮಾತು ತಳದಿಂದ ಮೇಲೆ ಎಳಿಬೇಕು. ಹೂಂ, ಎಳೀರಿ: ಗೇಯ್... ತೋ... ಚಿನ್!"

ನಾನು ಎಳೆದೆ. ರಾಟೆಯೂ ಕಿರುಗುಟ್ಟಿತು.

"ರಾಟೆ ನಿಮ್ಮಕಿಂತ ಚೆಂದ ಹೇಳ್ತದೆ" ಎಂದ ಜಟ್ಟಪ್ಪ.

ಗೇಯ್ ತೋ ಚಿನ್, ಹೋ ಗ್ವಾಯ್, ಪೆಂಗ್ ತೀ ಲಾ. ಅರ್ಥ ಕೇಳಿದರೆ, "ಅರ್ಥ ಆಮೇಲೆ ಅಮ್ಮ, ಮೊದ್ಲು ರಾಗ ಬರ್ಲಿ. ಇಷ್ಟು ಬಂದ್ರೆ ಹಾಂಗ್‌ಕಾಂಗಿನಲ್ಲಿ ಯಾರೂ ನಿಮಗೆ ಮೋಸ ಮಾಡೂಕಾಗೂದಿಲ್ಲ" ಎಂದ. ಈ ಮಾತಿನಲ್ಲಿ ಸುಳಿವು ಇತ್ತು. ನನ್ನ ತಲೆಗೆ ಹೋಗಲಿಲ್ಲ. ರುಬ್ಬುವಾಗ, ಸೆಗಣಿ ಸಾರಿಸುವಾಗ, ಎಮ್ಮೆಗೆ ಹುಲ್ಲು ಹಾಕುವಾಗ ಇದನ್ನೇ ಹೇಳಿಕೊಂಡೆ. ಎಮ್ಮೆ ಎರಡು ದಿನ ಹಾಲು ಕಡಿಮೆ ಕೊಟ್ಟಿತು ಎಂದು ಅತ್ತೆಯ ದೂರು.

ಪಾಠ ಬಾಯಿಗೆ ಬಂದ ಮೇಲೆ ಆಸ್ಪತ್ರೆಗೆ ಹೋಗಿ, ಗಂಜಿ ಬಡಿಸಿ, ದಾರಂದದ ಬಳಿ ನಿಂತು, ಸ್ಪಷ್ಟವಾಗಿ ಮೂರನ್ನೂ ಹೇಳಿದೆ. ಆ ಕ್ವಾಂಗ್ ನನ್ನ ಮುಖ ನೋಡಿದ. ಬಟ್ಟಲು ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ನಕ್ಕರೆ ಹೊಲಿಗೆ ನೋಯುತ್ತದೆ, ನೋವಿಗೆ ಮುಖ ಕಿವುಚುತ್ತಾನೆ, ನನ್ನ ಮುಖ ಕಂಡು ಮತ್ತೆ ನಗುತ್ತಾನೆ. ಇವರು ಓಡಿ ಬಂದರು.

"ಎಂತ ಮಾಡಿದ್ಯೇ ಅವಂಗೆ? ಹೊಲಿಗೆ ಬಿಡ್ತು!"

ಮರುದಿನ ಜಟ್ಟಪ್ಪನನ್ನು ಅರ್ಥ ಹೇಳುವವರೆಗೆ ಬಿಡಲಿಲ್ಲ. ಎಷ್ಟು ದುಡ್ಡು? ಭಾರೀ ತುಟ್ಟಿ. ಸ್ವಲ್ಪ ಕಡಿಮೆ ಮಾಡು.

"ಜಟ್ಟಪ್ಪ, ರೋಗಿ ಹತ್ರ ಹೇಳೂ ಮಾತಾ ಇದು?"

"ನಾ ಅಲ್ಲಿ ಪೇಟೆಗೆ ಹೋದವ ಅಮ್ಮ, ಪೇಟೆ ಭಾಷೆ ಕಲ್ತೆ. ಆಸ್ಪತ್ರೆ ಸೇರಿದ್ರೆ ಆಸ್ಪತ್ರೆ ಭಾಷೆ ಕಲೀತಿದ್ದೆ. ದೇವರ ದಯೆ, ಸೇರಲಿಲ್ಲ."

ಅವತ್ತು ಅವನು ನಿಜವಾಗಿ ಬೇಕಾದ ಒಂದು ಮಾತು ಕಲಿಸಿದ: ಸಿಕ್ ಫಾನ್, ಅನ್ನ ಉಣ್ಣು. ಎರಡೂ ಬಾವಿಯ ತಳದ ಸ್ವರಗಳು. ಊಟ ಬೇಡ ಎನ್ನುವುದಕ್ಕೆ, ಉಣ್ಣುವುದಿಲ್ಲ ಎನ್ನುವುದಕ್ಕೆ, ಬಾಯಿ ಮುಚ್ಚಿ ಮೂಗಿನಲ್ಲೇ ಒಂದು "ಮ್" ಎಂದು ಮುಂದೆ ಸೇರಿಸಿದರಾಯಿತು: ಮ್ ಸಿಕ್.

ಆ ನಗುವಿನ ನಂತರ ಹುಡುಗನಿಗೂ ನನಗೂ ಸ್ವಲ್ಪ ಸಲಿಗೆ ಬಂತು. ಅವನೇ ಕಲಿಸತೊಡಗಿದ. ನೀರಿನ ಹೂಜಿ ತೋರಿಸಿ "ಸೋಯ್" ಎನ್ನುವನು, ನಾನು "ನೀರು" ಎನ್ನುವೆ. ಅವನ ಬಾಯಲ್ಲಿ ಅದು "ನೀಲು" ಆಗುತ್ತಿತ್ತು. ಇವರು ಹೊಲಿಗೆಯ ಬಟ್ಟೆ ಬದಲಿಸುವಾಗ ನೋವಿದೆಯೇ ಎಂದು ಕೇಳುವುದಕ್ಕೆ "ಥುಂಗ್ ಮ್ ಥುಂಗ್?" ಎಂದು ಹೇಳಿಕೊಟ್ಟ. ನೋವುಂಟು, ನೋವಿಲ್ಲ, ಎರಡನ್ನೂ ಎದುರಿಗಿಟ್ಟು ನಿನಗೆ ಬೇಕಾದದ್ದು ಆರಿಸಿಕೋ ಎಂಬ ಭಾಷೆ. ನಾವು "ಬತ್ಯನ ಇಲ್ಯನ" ಅನ್ನುವ ಹಾಗೆ. ಇವರಿಗೆ ಅದು ಎಷ್ಟು ಹಿಡಿಸಿತೆಂದರೆ ಹಳದೀಪುರದಿಂದ ಬಂದ ಕುರು ಎದ್ದ ರೋಗಿಗೂ "ಥುಂಗ್ ಮ್ ಥುಂಗ್" ಎಂದು ಕೇಳಿ ಬೈಸಿಕೊಂಡರು.

ಎಲ್ಲ ಆಯಿತು. ಊಟ ಮಾತ್ರ ಆಗಲಿಲ್ಲ. ಅತ್ತೆ ಕುಚ್ಚಿಗೆ ಅಕ್ಕಿ ಬಿಟ್ಟು ಬೆಳ್ತಿಗೆ ಹಾಕಿದರು. ನುಣ್ಣಗೆ ಬೇಯಿಸಿದರು. ಹಾಲು ಹಾಕಿದರು, ಜೀರಿಗೆ ಹಾಕಿದರು, ಮಾವಿನ ಮಿಡಿ ಇಟ್ಟರು. ನಾನು ದಾರಂದಕ್ಕೆ ಒರಗಿ ನಿಂತು "ಸಿಕ್ ಫಾನ್" ಎನ್ನುವೆ. ಅವನು ಎರಡು ಚಮಚ ಉಂಡು, ನನ್ನ ಕಡೆ ಬಟ್ಟಲು ಚಾಚಿ "ಸಿಕ್ ಫಾನ್" ಎನ್ನುವನು. ಇಲ್ಲ ನೀನು ಎಂದು ನಾನು, ಇಲ್ಲ ನೀನು ಎಂದು ಅವನು. ನನ್ನ ಸ್ವರ ಸರಿಯಾಗಿಲ್ಲವೇನೋ ಎಂದು ಇನ್ನೂ ತಳಕ್ಕೆ ಇಳಿಸಿ ಹೇಳುವೆ. ಅವನ ಗಲ್ಲದ ಮೂಳೆ ದಿನದಿನಕ್ಕೆ ಎದ್ದು ಕಾಣತೊಡಗಿತು. ಹಡಗು ಮುಂದಿನ ವಾರ ಬರುತ್ತದೆ ಎಂದು ಏಜೆಂಟರ ಕಡೆಯಿಂದ ಸುದ್ದಿ ಬಂತು. ಅದು ತಪ್ಪಿದರೆ ಮಳೆಗಾಲ, ಮಳೆಗಾಲದಲ್ಲಿ ನಮ್ಮ ಬಂದರಕ್ಕೆ ಯಾವ ಹಡಗೂ ಇಲ್ಲ. ಭಾಷೆ ಬಾರದ ಊರಿನಲ್ಲಿ, ಕೂಡದ ಹೊಲಿಗೆ ಹೊತ್ತು ಆ ಹುಡುಗ ನಾಲ್ಕು ತಿಂಗಳು ಹೇಗೆ ಇದ್ದಾನು? ಇರುತ್ತಾನೆಯೇ ಎಂಬ ಪ್ರಶ್ನೆಯನ್ನು ಡಾಕ್ಟರು ಬಾಯಿಬಿಟ್ಟು ಕೇಳಲಿಲ್ಲ, ಕನ್ನಡಕ ತೆಗೆದು ಒರೆಸಿದರು. ನನಗೆ ಅದೇ ಸಾಕಾಯಿತು.

ಒಂದು ದಿನ ಇವರು ಮನೆಗೆ ಬಂದು, "ಅವನ ಮಂಚದ ಅಡಿಗೆ ಬಾಳೆಹಣ್ಣಿನ ಸಿಪ್ಪೆ ಸಿಕ್ತು. ಆಚೆ ಮಂಚದವ ಕೊಟ್ಟಿದ್ದಡ. ಗೊನೆಯ ಒಂದು ಚಿಪ್ಪು ಪೂರಾ ಖಾಲಿ" ಎಂದರು.

ಅತ್ತೆ ಹಲಸಿನ ಬೇಳೆ ಸುಲಿಯುತ್ತಿದ್ದವರು ತಲೆಯೆತ್ತಿದರು. "ಹಸಿವು ಇದ್ದು ಅವಂಗೆ. ನಿನ್ನ ಎದುರಿಗೆ ಉಣ್ತ್ನಿಲ್ಲೆ ಅಷ್ಟೇಯ. ಎಂತಕ್ಕೆ ಹೇಳಿ ಕೇಳು."

ಕೇಳಬೇಕು, ಸರಿ. ಯಾವ ಭಾಷೆಯಲ್ಲಿ? ನನ್ನ ಹತ್ತಿರ ಇದ್ದದ್ದು ಉಣ್ಣುವುದು, ಉಣ್ಣದಿರುವುದು, ನೀರು, ನೋವು, ಮತ್ತು ಚೌಕಾಸಿ. ಮರುದಿನ ಬಟ್ಟಲು ಅವನ ಮುಂದಿಟ್ಟು, ಕೈತಿರುಗಿಸಿ, "ಮ್ ಸಿಕ್?" ಎಂದೆ.

ಅವನು ಕೈಯನ್ನು ಮಂಚದೆತ್ತರಕ್ಕೆ ಹಿಡಿದು ತೋರಿಸಿದ, ಅದಕ್ಕಿಂತ ಗಿಡ್ಡಕ್ಕೆ, ಇನ್ನೂ ಗಿಡ್ಡಕ್ಕೆ. ಮಕ್ಕಳು. ಮಧ್ಯದ್ದು ತಾನು ಎಂದು ಎದೆ ಮುಟ್ಟಿಕೊಂಡ. ಆಮೇಲೆ ನಾನು ಒರಗಿ ನಿಂತಿದ್ದ ದಾರಂದ ತೋರಿಸಿ "ಆ ಮಾ" ಎಂದ. ಅದಕ್ಕೆ ಜಟ್ಟಪ್ಪ ಬೇಕಾಗಲಿಲ್ಲ. ಹಾಸಿಗೆಯಲ್ಲಿ ಕೂತಲ್ಲೇ ಅವನು ಗೋಡೆಗೆ ಒರಗಿ, ಕೈಕಟ್ಟಿ, ನನ್ನ ಹಾಗೆಯೇ ನಕ್ಕು, ಆ ಇಲ್ಲದ ಮಕ್ಕಳಿಗೆ "ಸಿಕ್ ಫಾನ್, ಸಿಕ್ ಫಾನ್" ಎಂದ. ನಂತರ ತನ್ನ ಹೊಟ್ಟೆಯನ್ನು ಒಳಕ್ಕೆ ಎಳೆದುಕೊಂಡು ತೋರಿಸಿದ.

"ಆ ಮಾ, ಮ್ ಸಿಕ್."

ಕೈಯನ್ನು ಗಾಳಿಯಲ್ಲಿ ಒಮ್ಮೆ, ಏನನ್ನೋ ಒರೆಸಿದ ಹಾಗೆ, ಆಡಿಸಿದ.

ಜಪಾನಿನವರ ಯುದ್ಧಕಾಲದಲ್ಲಿ ಹಾಂಗ್‌ಕಾಂಗಿನಲ್ಲಿ ಅಕ್ಕಿಗೆ ಜನ ಒದ್ದಾಡಿದ್ದರಂತೆ, ಮಕ್ಕಳಿಗೆ ಬಡಿಸಿ ತಾವು ಉಪವಾಸ ಸತ್ತ ತಾಯಂದಿರೂ ಇದ್ದರಂತೆ. ಅದನ್ನು ಆಮೇಲೆ ಜಟ್ಟಪ್ಪ ಹೇಳಿದ. ಆ ಕಡೆಯ ಮನೆಗಳಲ್ಲಿ ಕಿರಿಯರು ಹಿರಿಯರನ್ನು ಒಬ್ಬೊಬ್ಬರಾಗಿ ಕರೆದು ಉಣ್ಣಿ ಎಂದು ಹೇಳದೆ ಬಟ್ಟಲು ಎತ್ತುವುದಿಲ್ಲ ಎಂದೂ ಹೇಳಿದ. "ಇದು ನಂಗೆ ಗೊತ್ತಿತ್ತು ಅಮ್ಮ, ನೀವು ಕೇಳಲಿಲ್ಲ" ಎಂದು ಸೇರಿಸುವುದನ್ನು ಮರೆಯಲಿಲ್ಲ.

ನಾನು ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅವರು ಹಲಸಿನ ಬೇಳೆಯ ಸಿಪ್ಪೆಯನ್ನು ಮೊರಕ್ಕೆ ತುಂಬಿಕೊಂಡರು. ಆಮೇಲೆ, "ಬಡಿಸೋರು ನಿಂತ್ಕಳ್ಳವು ಹೇಳಿ ನಾನೇ ಹೇಳಿ ಕಳಿಸಿದ್ದು" ಎಂದರು. ಅಷ್ಟೇ.

ಮರುದಿನ ಮಧ್ಯಾಹ್ನ ನಾನು ತಪ್ಪಲೆ ಎತ್ತಿಕೊಂಡರೆ, ಅತ್ತೆ ಎರಡು ಬಟ್ಟಲು ಹಿಡಿದು ಜಗುಲಿಯಲ್ಲಿ ನಿಂತಿದ್ದರು.

"ಅತ್ತೇ, ನೀವು ಎಲ್ಲಿಗೆ?"

"ನಡಿ."

"ಅಲ್ಲಿ ಮೈಲಿಗೆ, ರಕ್ತ, ಎಂತೆಂತದೋ..."

"ಬಂದು ಮಿಂದ್ರಾತು. ಬಾವಿಲಿ ನೀರಿದ್ದಲೆ."

ದಾರಿಯಲ್ಲಿ ಕಂಡವರು ನಿಂತು ನೋಡಿದರು. ಅತ್ತೆ ಆ ಬೀದಿಯಲ್ಲಿ ದೇವಸ್ಥಾನಕ್ಕಲ್ಲದೆ ನಡೆದದ್ದೇ ಇಲ್ಲ. ಆಸ್ಪತ್ರೆಯ ಮೆಟ್ಟಿಲ ಬಳಿ ಸೆರಗು ಎತ್ತಿ ಸಿಕ್ಕಿಸಿಕೊಂಡರು, ಹೊಳೆ ದಾಟುವವರ ಹಾಗೆ. ಒಳಗೆ ಹೋಗಿ, ಆ ಕ್ವಾಂಗನ ಮಂಚದ ಎದುರು ಬರಿ ನೆಲದಲ್ಲಿ ಕಾಲುಮಡಚಿ ಕೂತರು. ಇವರು ಔಷಧಿ ಬಾಟಲಿ ಹಿಡಿದವರು ಹಿಡಿದ ಹಾಗೇ ನಿಂತರು.

"ನೀನೂ ಕೂತ್ಗ" ಎಂದರು ನನಗೆ. "ನಿಂತ್ಕಂಡ್ರೆ ಅವಂಗೆ ಅಬ್ಬೆ ನೆನಪಾಗ್ತು."

ನಾನು ಮೂರು ಬಟ್ಟಲಿಗೆ ಗಂಜಿ ಬಡಿಸಿದೆ. ಅದರಲ್ಲಿ ಒಂದು ಅತ್ತೆಯದು. ಹೊಸ್ತಿಲು ದಾಟಿ ಉಣ್ಣದವರು, ನಮ್ಮೆಲ್ಲರಿಗಿಂತ ಮೊದಲು ಉಣ್ಣದವರು. ಹುಡುಗ ನೆಟ್ಟಗೆ ಕೂತ. ಅತ್ತೆಯ ಕಡೆ ತಲೆಬಾಗಿಸಿ, "ಆ ಪೋ, ಸಿಕ್ ಫಾನ್" ಎಂದ. ನನ್ನ ಕಡೆ ತಿರುಗಿ, "ಆ ಸೋ, ಸಿಕ್ ಫಾನ್" ಎಂದ. ಅಜ್ಜಿ ಉಣ್ಣಿ, ಅತ್ತಿಗೆ ಉಣ್ಣಿ. ಅವನು ದಿನಾ ಏನನ್ನು ಕಾಯುತ್ತಿದ್ದನೋ ಅದು ಆಗ ಕಂಡಿತು.

ಅತ್ತೆ ಒಂದು ತುತ್ತು ಗಂಜಿ ಬಾಯಿಗೆ ಹಾಕಿ ನುಂಗಿದರು.

ಅವನು ಬಟ್ಟಲು ಎತ್ತಿದ. ಚಮಚ ಮುಟ್ಟಲಿಲ್ಲ. ಬಟ್ಟಲಿನ ಅಂಚನ್ನೇ ತುಟಿಗೆ ಹಚ್ಚಿ, ಸೊರ್ ಎಂದು ಸದ್ದು ಮಾಡುತ್ತಾ ಕುಡಿದ. ನಮ್ಮ ಮನೆಗೆ ಬಂದ ನೆಂಟರ ಮಕ್ಕಳು ಹಾಗೆ ಸದ್ದು ಮಾಡಿದರೆ ಅತ್ತೆ ಕಣ್ಣು ಬಿಡುತ್ತಿದ್ದರು. ಅವತ್ತು ಆ ಸದ್ದನ್ನು ಅವರು ತಲೆ ಓರೆ ಮಾಡಿಕೊಂಡು, ತಂಬೂರಿ ಕೇಳುವವರ ಹಾಗೆ, ಕೇಳಿದರು.

"ಎಂತ ನೋಡ್ತೆ, ಇನ್ನೊಂದು ಸೌಟು ಹಾಕು ಅವಂಗೆ."

ಹಾಕಿದೆ. ಅದೂ ಹೋಯಿತು. ತಪ್ಪಲೆ ಬರಿದಾಯಿತು. ಇವರು ಕೈಯಲ್ಲಿದ್ದ ಔಷಧಿ ಬಾಟಲಿಯನ್ನು ಆಗ ಕೆಳಗಿಟ್ಟರು. ನಾನೂ ನನ್ನ ಬಟ್ಟಲಿನ ಗಂಜಿಯನ್ನು ಉಂಡೆ. ಮಧ್ಯಾಹ್ನದ ಬಿಸಿ ಗಂಜಿ ಅಷ್ಟು ರುಚಿ ಇರುತ್ತದೆ ಎಂದು ಮದುವೆಯಾದ ಮೇಲೆ ಮರೆತೇಹೋಗಿತ್ತು. ನನ್ನ ಪಾಲಿಗೆ ಬರುವಷ್ಟರಲ್ಲಿ ಅದು ಯಾವಾಗಲೂ ಆರಿರುತ್ತಿತ್ತಲ್ಲ.

ವಾಪಸು ಬರುವಾಗ ಅತ್ತೆ ಕೇಳಿದರು: "ಆ ಪೋ ಅಂದ್ರೆ ಅಜ್ಜಿ, ಸಿಕ್ ಫಾನ್ ಅಂದ್ರೆ ಉಣ್ಣು. ಇಷ್ಟೇಯ ಅಲ್ದಾ ಆ ಭಾಷೆ? ಇದಕ್ಕೆ ಹದಿನೈದು ದಿನ ಎಮ್ಮೆ ಹೆದ್ರಿಸಿದ್ಯ?"

ಅಲ್ಲಿಂದ ಹಡಗು ಬರುವವರೆಗೆ ದಿನಾ ಮೂವರೂ ಕೂತು ಉಂಡೆವು. ಅತ್ತೆ ದಿನಾ ಮಿಂದರು, ಒಂದು ದಿನವೂ ಗೊಣಗಲಿಲ್ಲ. ಜಟ್ಟಪ್ಪ ಮಾತ್ರ ಊರಿಡೀ ಹೇಳಿಕೊಂಡು ಬಂದ, ತನ್ನ ಶಿಷ್ಯೆಯಿಂದಾಗಿ ಒಬ್ಬ ಚೀನದವನ ಜೀವ ಉಳಿಯಿತು ಎಂದು. ಇರಲಿ, ಗುರುದಕ್ಷಿಣೆ ಎಂದು ಬಿಟ್ಟೆವು. ಡಾಕ್ಟರು ಹೊಲಿಗೆ ಬಿಚ್ಚಿ, ಬೆರಳಿನಿಂದ ಒತ್ತಿ ನೋಡಿ, "ಥುಂಗ್ ಮ್ ಥುಂಗ್?" ಎಂದು ತಾವೇ ಕೇಳಿ, ಅವನು ಇಲ್ಲವೆಂದು ತಲೆಯಾಡಿಸಿದ ಮೇಲೆ ಸಹಿ ಹಾಕಿದರು.

ಹೊರಡುವ ದಿನ ಬಂದರದ ಮೆಟ್ಟಿಲುಗಳನ್ನು ಯಾರ ಕೈಯನ್ನೂ ಹಿಡಿಯದೆ ಇಳಿದ. ಕೈಹಿಡಿಯಲು ಇವರು ಹಿಂದೆ ಹಿಂದೆ ಹೋದದ್ದು ಸುಮ್ಮನೆ ಆಯಿತು. ಲಾಂಚು ಅಳಿವೆ ದಾಟಿ, ತೆರೆಯ ಮೇಲೆ ಒಮ್ಮೆ ಎದ್ದು ಬಿದ್ದು, ಹಡಗಿನ ಪಕ್ಕಕ್ಕೆ ಹೋಗಿ ನಿಂತಿತು. ಅವನು ಏಣಿ ಹತ್ತುವುದು ಚುಕ್ಕೆಯ ಹಾಗೆ ಕಂಡಿತು. ಅರ್ಧಕ್ಕೆ ನಿಲ್ಲಲಿಲ್ಲ. ಅಂಚಿನ ಆಚೆ ಇಳಿದ ಮೇಲೆಯೇ ನಾನು ಕಣ್ಣು ಕದಲಿಸಿದ್ದು.

"ಹತ್ತಿದ್ನನೆ?" ಎಂದರು ಅತ್ತೆ. ಅವರಿಗೆ ಅಷ್ಟು ದೂರ ಕಣ್ಣು ಹಾಯುತ್ತಿರಲಿಲ್ಲ.

"ಹತ್ತಿದ, ಅತ್ತೆ."

"ಆತು" ಎಂದರು.

ಇವರು ಏಜೆಂಟರ ಕಾಗದಪತ್ರ ಮುಗಿಸಿ ಬರುತ್ತೇನೆಂದು ಅಲ್ಲೇ ಉಳಿದರು. ನಾವಿಬ್ಬರು ಮನೆಗೆ ಬಂದೆವು. ಅತ್ತೆ ಮಿಂದು ಬಂದು, ಒಲೆಯ ಮೇಲಿನ ಅನ್ನದ ಮುಚ್ಚಳ ತೆಗೆದು ನೋಡಿ, ಎರಡು ಬಾಳೆಲೆ ಹಾಕಿದರು.

"ಅವು ಬರ್ಲಿ ಅತ್ತೆ" ಎಂದೆ. ಗಂಡ ಉಣ್ಣದೆ ನಾನು ಎಲೆಗೆ ಕೂತದ್ದಿಲ್ಲ.

"ಬತ್ತ. ಕಾಲಿದ್ದು ಅವಂಗೆ. ಅನ್ನ ಆರ್ತು, ಕೂತ್ಗ."

ಕೂತೆವು. ಅನ್ನ ಕಲಸಿ ಎರಡು ತುತ್ತು ಇಳಿದಿತ್ತೋ ಇಲ್ಲವೋ, ಇವರು ಕೈಕಾಲು ತೊಳೆದು ಅಡಿಗೆಮನೆಯ ಬಾಗಿಲಿಗೆ ಬಂದರು. ನಮ್ಮಿಬ್ಬರ ಎಲೆ ನೋಡಿ, ಒಳಗೆ ಬರುವುದೋ ಹೊರಗೆ ಹೋಗುವುದೋ ತಿಳಿಯದೆ, ದಾರಂದಕ್ಕೆ ಒರಗಿ ನಿಂತರು. ನಾನು ಏಳಲು ಕೈ ಊರಿದೆ. ಅತ್ತೆ ತಮ್ಮ ಎಡಗೈಯನ್ನು ನನ್ನ ಮೊಣಕಾಲಿನ ಮೇಲೆ ಇಟ್ಟರು.

"ನನ್ನ ಎಲೆ ಎಲ್ಲಿದ್ದು?" ಎಂದರು ಇವರು.

"ಮಾಡಿನ ಜಂತಿಗೆ ಸಿ‌ಕ್ಕಿಸಿಟ್ಟಿದ್ದೆ" ಎಂದರು ಅತ್ತೆ, ತಲೆಯೆತ್ತದೆ. "ತಗಂಡು ನಮ್ಮ ಬದಿಗೆ ಹಾಕ್ಯ. ಅನ್ನ ಬಿಸಿ ಇದ್ದು."